ಅದಲುಬದಲಾದ ಎರಡು ಸಿಡಿಗಳು

ಧನಗೆರೆಯ ಚಿಕ್ಕಮ್ಮನ ಜೋಳದ ಹೊಲದಲ್ಲಿ, ಗಿಣಿ ಓಡಿಸಲೆಂದು ದಾರಕ್ಕೆ ಕಟ್ಟಿದ ಹಳೆಯ ಸಿಡಿಯೊಂದು ಮೊನ್ನೆ ಕಣ್ಣಿಗೆ ಹೊಳೆಯಿತು. ಹಿಡಿದು ನೋಡಿದೆ. ನಡುವಿನ ತೂತಿನ ಪಕ್ಕ ಮೊಳೆಯಲ್ಲಿ ಆಳವಾಗಿ ಕೆರೆದ ಕನ್ನಡ ಅಂಕಿ ಎರಡು. ಆ ಕೈಬರಹ ನನಗೆ ಗೊತ್ತು. ಅದನ್ನು ಕೆರೆಯುವಂತೆ ಮಾಡಿದವಳೂ ನಾನೇ...

ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನ ಹಿಂದೆ, ಅದನ್ನು ಕೆರೆದವರ ಸಿಡಿ ಬಾಡಿಗೆ ಅಂಗಡಿಯಿತ್ತು. ನಮಗೆಲ್ಲ ಅವರು ಸಿಡಿ ಅಣ್ಣ. ಒಂದು ಸಿನಿಮಾ ಎರಡು ಸಿಡಿಗಳಲ್ಲಿ ಬರುತ್ತಿದ್ದ ಕಾಲ ಅದು. ಬೆಳಿಗ್ಗೆ ಬಂದವರೇ ಬಕೆಟ್ಟಿನಲ್ಲಿ ಶಾಂಪೂ ಕದಡಿ, ಸಿಡಿಗಳನ್ನು ತಟ್ಟೆ ತೊಳೆದಂತೆ ತೊಳೆದು ಪಂಚೆಯ ಮೇಲೆ ಹರಡುತ್ತಿದ್ದರು. ಒಣಗಿದ ಮೇಲೆ, ಅಳಿಸಿಹೋದ ಒಂದು, ಎರಡು ಎಂಬ ಅಂಕಿಗಳನ್ನು ಮಾರ್ಕರಿನಲ್ಲಿ ಮತ್ತೆ ಬರೆಯುತ್ತಿದ್ದರು. ಇಂಗ್ಲಿಷ್ ಬಾರದಿದ್ದರೂ ಇಂಗ್ಲಿಷ್ ಸಿನಿಮಾದ ಅರ್ಥ ಬಿಡಿಸಿ ಹೇಳುವುದರಲ್ಲಿ ಅವರದು ಎತ್ತಿದ ಕೈ. ಸಿಡಿ ವಾಪಸ್ ಕೊಡಲು ಮಧುವನಹಳ್ಳಿಯಿಂದ ಬಂದವರೂ ಅರ್ಥ ಕೇಳಿಕೊಂಡೇ ಹೋಗುತ್ತಿದ್ದರು. ಆ ಮರ್ಯಾದೆಯೇ ಅವರಿಗೆ ಎಲ್ಲಕ್ಕಿಂತ ದೊಡ್ಡದು.

ಆಗ ಬಂತು ಹ್ಯಾಕರ್‌ಗಳ ಒಂದು ಇಂಗ್ಲಿಷ್ ಸಿನಿಮಾ. ಯಾರೋ ತನ್ನ ಕಂಪ್ಯೂಟರಿಗೆ ನುಗ್ಗಿ ತನ್ನನ್ನು ಆಟವಾಡಿಸುತ್ತಿದ್ದಾರೆಂದು ನಾಯಕ ಹುಚ್ಚನಂತೆ ಹುಡುಕುತ್ತಾನೆ. ಕೊನೆಗೆ ನೋಡಿದರೆ ಆ ಕಳ್ಳ ಅವನೇ. ತಮ್ಮನನ್ನು ಕಳೆದುಕೊಂಡ ದುಃಖದಲ್ಲಿ ಮನಸ್ಸು ಎರಡಾಗಿರುತ್ತದೆ. ಸಿಡಿ ಅಣ್ಣ ಅದನ್ನು ಹೇಳುತ್ತಿದ್ದ ರೀತಿಯೇ ಬೇರೆ.

“ಕಳ್ಳ ಅವ್ನೇಯ ಅಂತ ಮೊದ್ಲೇ ತೋರಿಸ್ಬುಡ್ತಾನೆ ಕಣವ್ವ. ಆಮೇಕೆ ಅವ್ನು ಊರೆಲ್ಲ ಉಡುಕ್ತಾನೆ. ತನ್ನನ್ನ ತಾನೇ ಉಡುಕ್ತಾವ್ನೆ, ಪಾಪ... ಕಳ್ಳನ್ನ ಕಂಡ್ರೂ ಅಳು ಬತ್ತದೆ.”

ನಾನು ಆಗಷ್ಟೇ ಕಂಪ್ಯೂಟರ್ ಕ್ಲಾಸಿಗೆ ಸೇರಿದ್ದೆ. ತಲೆಯ ಮೇಲೆ ಕೊಂಬು ಮೂಡಿತ್ತು. ಮನೆಯಲ್ಲಿ ಸಿನಿಮಾ ಹಾಕಿದರೆ, ಶುರುವಿನಲ್ಲಿ ಬರಬೇಕಾದ ನಟರ ಹೆಸರುಗಳು ನಡುವೆ ಬಂದವು. ತೊಳೆದು ಬರೆಯುವಾಗ ಅಂಕಿ ಅದಲುಬದಲಾಗಿದೆ ಎಂದು ತಿಳಿಯಿತು. ಮರುದಿನ ಅಂಗಡಿಯ ಮುಂದೆ ಏಳೆಂಟು ಜನರಿದ್ದಾಗಲೇ ನಕ್ಕುಬಿಟ್ಟೆ.

“ಅಣ್ಣ, ಎರಡ್ನೇ ಸಿಡಿಗೆ ಒಂದು ಅಂತ ಬರ್ದಿದೀರ! ಊರೋರೆಲ್ಲ ಇಂದುಮುಂದಾಗಿ ನೋಡವ್ರೆ!”

ಎಲ್ಲರೂ ನಕ್ಕರು. ಅಣ್ಣ ಸಿಡಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. “ಎಸ್ರು ನಡುವೆ ಬಂದದ್ದೂ ಒಂದು ಟ್ವಿಸ್ಟು ಅನ್ಕಂಡಿದ್ನಲ್ಲವ್ವ...” ಅಂದರು. ಅಷ್ಟೇ. ಆ ಜೋಡಿಗೆ ಮಾತ್ರ ಇನ್ನೆಂದೂ ಅಳಿಸದಂತೆ ಮೊಳೆಯಲ್ಲಿ ಸರಿಯಾದ ಅಂಕಿ ಕೆರೆದರು.

ಆಮೇಲೆ ಅವರು ಯಾವ ಸಿನಿಮಾದ ಅರ್ಥವನ್ನೂ ಹೇಳಲಿಲ್ಲ. ಕೇಳಿದವರಿಗೆ “ನಂಗೇನ್ ಗೊತ್ತು, ನೀವೇ ನೋಡ್ಕಳಿ” ಎಂದು ಸಿಡಿ ಮುಂದೆ ಚಾಚುತ್ತಿದ್ದರು. ನಾನು ಆ ದಾರಿ ಬಿಟ್ಟು ಬೇರೆ ಬೀದಿಯಲ್ಲಿ ಓಡಾಡತೊಡಗಿದೆ. ತಪ್ಪಾಯಿತು ಅನ್ನಲು ಎರಡು ನಿಮಿಷ ಸಾಕಿತ್ತು.

“ಅಂಗಡಿ ಮುಚ್ಚುವಾಗ ಗಿಣಿ ಓಡ್ಸಕ್ಕೆ ಕಟ್ಕಳಿ ಅಂತ ಎಲ್ರಿಗೂ ಅಂಚ್ಬುಟ್ಟ ಕಣವ್ವ,” ಮೊನ್ನೆ ನನ್ನ ಕೈಯಲ್ಲಿದ್ದ ಸಿಡಿ ನೋಡಿ ಎಂದಳು ಚಿಕ್ಕಮ್ಮ. “ಓದ ವರ್ಷ ತೀರ್ಕಂಡ.”

ಅಂದು ಸಂಜೆ ಆ ಸಿನಿಮಾವನ್ನು ಫೋನಿನಲ್ಲಿ ಹುಡುಕಿ, ಮೊದಲಿನಿಂದ ಕ್ರಮವಾಗಿ ನೋಡಿದೆ. ಜೊತೆಗೆ ಕೂತಿದ್ದ ನನ್ನ ಮಗಳು ಕೊನೆಯಲ್ಲಿ ಬೆಚ್ಚಿಬಿದ್ದು ಚಪ್ಪಾಳೆ ತಟ್ಟಿದಳು. ಆ ನಾಯಕನಿಗಾಗಿ ಅವಳ ಕಣ್ಣಲ್ಲಿ ಒಂದು ಹನಿಯೂ ಬರಲಿಲ್ಲ. ಅಣ್ಣನ ಅಂಗಡಿಯಿಂದ ತಂದು ಹಿಂದುಮುಂದಾಗಿ ನೋಡಿದ ದಿನ, ಕಳ್ಳ ಅವನೇ ಎಂದು ಮೊದಲೇ ಗೊತ್ತಿದ್ದ ನಾನು, ಅವನು ತನ್ನನ್ನೇ ಹುಡುಕುವುದನ್ನು ಕಂಡು ಅತ್ತಿದ್ದೆ. ಅದನ್ನು ಅವರಿಗೆ ಹೇಳಲೇ ಇಲ್ಲ.

ಬೆಳಿಗ್ಗೆ ಮತ್ತೆ ಹೊಲಕ್ಕೆ ಹೋಗಿ ಆ ಅಂಕಿಯನ್ನು ಹೆಬ್ಬೆರಳಿನಿಂದ ಉಜ್ಜಿದೆ. ಹೋಗಲಿಲ್ಲ.