ಕೀಲಿ ಹಾಕಿದ ಅಕ್ಕಿ

ಇದನ್ನು ಹೇಳುವುದನ್ನು ನಾನು ಮುಂದೂಡುತ್ತಲೇ ಬಂದಿದ್ದೇನೆ. ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವ ಶಾಸ್ತ್ರ ಮುಗಿಯಲಿ ಎಂದೆ, ಮುಗಿಯಿತು. ಸುಗ್ಗಿಯ ವ್ಯಾಪಾರ ಮುಗಿಯಲಿ ಎಂದೆ, ಅದೂ ಮುಗಿಯಿತು. ಈಗ ಮೊಮ್ಮಗಳು ಮನೆ ತುಂಬ ಓಡಾಡುತ್ತಿದ್ದಾಳೆ, ನನ್ನ ಹತ್ತಿರ ನೆಪಗಳೇ ಉಳಿದಿಲ್ಲ. ನಾನು ಓದಿದ್ದು ಎಸ್ಸೆಸ್ಸೆಲ್ಸಿವರೆಗೆ. ಸುತ್ತಿ ಬಳಸಿ ಬರೆಯಲು ಬಾರದು. ನಡೆದದ್ದನ್ನು ನಡೆದ ಹಾಗೆಯೇ ಬರೆಯುತ್ತೇನೆ.

ನಮ್ಮ ಮನೆ ಹರಿಹರದಲ್ಲಿ, ಅಂಗಡಿ ದಾವಣಗೆರೆಯ ಮಂಡಿಪೇಟೆಯಲ್ಲಿ. ಅಕ್ಕಿಯ ಸಗಟು ವ್ಯಾಪಾರ. ಬೆಳಿಗ್ಗೆ ಬಸ್ಸು ಹತ್ತಿ ಹೋಗುವುದು, ಚೀಲದೊಳಗೆ ಕೈ ಹಾಕಿ ನಾಲ್ಕು ಕಾಳು ಬಾಯಿಗೆಸೆದುಕೊಳ್ಳುವುದು, ಮುಂಬಲ್ಲಿನಲ್ಲಿ ಕಡಿಯುವುದು. ಕಟ್ ಎಂದು ಮುರಿದರೆ ಚೆನ್ನಾಗಿ ಒಣಗಿದ ಅಕ್ಕಿ. ಹಲ್ಲಿಗೆ ಮೆತ್ತಗೆ ಸಿಕ್ಕರೆ ಇನ್ನೂ ತೇವವಿದೆ ಎಂದರ್ಥ. ಜೀವಮಾನವೆಲ್ಲ ನಾನು ಹಸಿ ಅಕ್ಕಿ ಕಡಿದೇ ಅನ್ನ ತಿಂದವನು.

ಆ ಅನ್ನವಾದರೂ ಎಂಥದ್ದು? ತವುಡಿನ ಸುಳಿವೂ ಉಳಿಯದಂತೆ ಪಾಲಿಶ್ ಆದ, ಮಲ್ಲಿಗೆಯಂಥ ಬಿಳಿ ಅನ್ನ. ಅಕ್ಕಿ ವ್ಯಾಪಾರಿಯ ಮನೆಯಲ್ಲಿ ಜೋಳದ ರೊಟ್ಟಿ ಯಾಕೆ ಎಂದು ರೊಟ್ಟಿಯನ್ನು ನಿಲ್ಲಿಸಿದವನು ನಾನೇ. ರೊಟ್ಟಿಯ ಜೊತೆಗೆ ಕಾಳಿನ ಪಲ್ಯವೂ ಹಸಿ ಸೊಪ್ಪೂ ತಟ್ಟೆಯಿಂದ ಎದ್ದುಹೋದವು. ಅನ್ನ, ತಿಳಿಸಾರು, ಕೈ ತೊಳೆದ ಕೂಡಲೇ ಗಟ್ಟಿ ಚಹಾ. ನಾನು ಕುಡಿದರೆ ಮನೆಯವರೆಲ್ಲ ಕುಡಿಯಬೇಕು.

ಇಂಥ ಮನೆಗೆ ಹತ್ತಿರದ ಕೊಂಡಜ್ಜಿ ಊರಿನಿಂದ ಸೊಸೆ ಬಂದಳು. ಹಸಿ ಅಕ್ಕಿ ತಿಂದರೆ ಮದುವೆಯ ದಿನ ಮಳೆ ಬರುತ್ತದೆ ಎಂದು ನಮ್ಮ ಕಡೆ ಹುಡುಗಿಯರನ್ನು ಹೆದರಿಸುವುದುಂಟು. ಅವಳ ಮದುವೆಯ ದಿನ ಚಪ್ಪರವೇ ಸೋರುವಷ್ಟು ಮಳೆ ಹೊಡೆಯಿತು. ‘ಡಬ್ಬಿಗಟ್ಟಲೆ ತಿಂದಾಳ ಹುಡುಗಿ’ ಎಂದು ಹೆಂಗಸರು ನಕ್ಕರು. ನಾನೂ ನಕ್ಕೆ. ಅದು ಮುಂದೆ ನಿಜವಾದೀತೆಂದು ಯಾರೂ ಯೋಚಿಸಲಿಲ್ಲ.

ಸೊಸೆ ಬಸುರಿಯಾದಳು. ಮನೆಮನೆಗೆ ಬರುವ ಆರೋಗ್ಯ ಕಾರ್ಯಕರ್ತೆ ಕಬ್ಬಿಣಾಂಶದ ಕೆಂಪು ಮಾತ್ರೆ ಕೊಟ್ಟು ಹೋದಳು. ಅದನ್ನು ತಿಂದರೆ ಕೂಸು ಕಪ್ಪಾಗುತ್ತದೆ ಎಂದು ಯಾರೋ ಹೇಳಿದ್ದು ನನ್ನ ತಲೆಯಲ್ಲಿತ್ತು. ‘ಅದೆಲ್ಲ ಬ್ಯಾಡ, ಅತ್ಲಾಗೆ ಇಡು’ ಎಂದೆ. ಮಾತ್ರೆಗಳು ಗೂಡು ಸೇರಿದವು. ಸ್ವಲ್ಪ ದಿನಕ್ಕೆ ಅಡುಗೆಮನೆಯ ಅಕ್ಕಿ ಬೇಗ ಬೇಗ ಇಳಿಯತೊಡಗಿತು. ಒಂದು ಮಧ್ಯಾಹ್ನ ನೀರಿಗೆಂದು ಒಳಗೆ ಹೋದಾಗ ಸೊಸೆ ಡಬ್ಬಿಯ ಮುಂದೆ ನಿಂತಿದ್ದಳು. ಕೆನ್ನೆ ಉಬ್ಬಿತ್ತು. ನನ್ನನ್ನು ನೋಡಿ ಅಗಿಯುವುದನ್ನು ನಿಲ್ಲಿಸಿದಳು. ನುಂಗಲೂ ಇಲ್ಲ, ಉಗುಳಲೂ ಇಲ್ಲ.

ಅಲ್ಲಿಗೇ ಬಿಟ್ಟಿದ್ದರೆ ಈ ಬರಹ ಬೇಕಿರಲಿಲ್ಲ. ಅವಳಿಗೆ ಕುಬುಸದ ಶಾಸ್ತ್ರ ಮಾಡಿದ ದಿನ ಕೊಂಡಜ್ಜಿಯ ಬೀಗರೆಲ್ಲ ಊಟಕ್ಕೆ ಕೂತಿದ್ದರು. ಹಸಿರು ಸೀರೆ ಉಟ್ಟು, ಉಡಿ ತುಂಬಿಸಿಕೊಂಡು ಸೊಸೆ ಎದುರಿಗೇ ಇದ್ದಳು. ನಾನು ಬಡಿಸುತ್ತಾ ಎಲ್ಲರಿಗೂ ಕೇಳುವಂತೆ ಅಂದೆ: ‘ನಮ್ಮನಿ ಅಕ್ಕಿ ಇಲಿ ತಿಂತಾವೆ ಅಂದ್ಕಂಡಿದ್ದೆ. ಎರಡು ಕಾಲಿನ ಇಲಿ ಅಂತ ಈಗ ಗೊತ್ತಾತು.’

ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಅವಳ ತಾಯಿ ಮಾತ್ರ ಎಲೆಯಿಂದ ಕೈ ತೆಗೆದರು. ಮರುದಿನ ನಾನು ಅಕ್ಕಿಯ ಚೀಲ, ಡಬ್ಬಿಗಳನ್ನು ಒಳಕೋಣೆಗೆ ಸಾಗಿಸಿ ಕೀಲಿ ಹಾಕಿದೆ. ಕೀಲಿಕೈ ನನ್ನ ಉಡಿದಾರದಲ್ಲಿತ್ತು.

ಆಮೇಲೆ ಸೊಸೆ ಮೆಟ್ಟಿಲು ಹತ್ತುವಾಗ ನಡುವೆ ಕೂರತೊಡಗಿದಳು. ಬಟ್ಟೆ ಒಗೆದರೆ ಏದುಸಿರು. ಈಗಿನ ಹುಡುಗಿಯರಿಗೆ ಸೋಮಾರಿತನ ಎಂದುಕೊಂಡೆ. ಒಂದು ದಿನ ಅಂಗಡಿಯಿಂದ ಬಂದು ಚಪ್ಪಲಿ ಬಿಡುತ್ತಿದ್ದೆ. ನನ್ನ ಹೆಂಡತಿ ಬಾಗಿಲಲ್ಲೇ ತಡೆದಳು.

‘ಬರ್ರಿ ಇಲ್ಲಿ, ಹಿತ್ತಲಿಗೆ ಬರ್ರಿ.’

ಹಿತ್ತಲ ಮಣ್ಣಿನ ಗೋಡೆಯ ಒಂದು ಮೂಲೆಯನ್ನು ಯಾರೋ ಉಗುರಿನಿಂದ ಕೆರೆದಿದ್ದರು.

‘ಅಕ್ಕಿಗೆ ಕೀಲಿ ಹಾಕಿದ್ರಿ. ಗ್ವಾಡಿಗೆ ಎಲ್ಲಿ ಹಾಕ್ತೀರಿ ಕೀಲಿ?’

ಕೆರೆದ ಜಾಗವನ್ನು ನಾನು ಬೆರಳಿನಿಂದ ಮುಟ್ಟಿ ನೋಡಿದೆ. ಅವಳು ನಿಲ್ಲಿಸಲಿಲ್ಲ.

‘ನಾನೂ ತಿಂದೀನಿ. ಒಲಿ ಮಣ್ಣು. ನಿಮ್ಮ ಮಗ ಹೊಟ್ಟಿಯಾಗಿದ್ದಾಗ. ನೀವು ಮಂಡಿಪೇಟಿ ತುಂಬ ಹೇಳ್ಕಂಡು ನಕ್ಕಿದ್ರಿ, ನೆನಪೈತಾ? ನಂದು ಹೋತು ಬಿಡ್ರಿ. ಈ ಹುಡುಗೀನ ನಾಳೆ ದವಾಖಾನಿಗೆ ಕರ್ಕಂಡು ಹೋಗ್ರಿ.’

ಮಗ ಲೋಡಿನ ಜೊತೆ ಪರ ಊರಿಗೆ ಹೋಗಿದ್ದ. ನಾನೇ ಹೋದೆ. ಹರಿಹರದ ಡಾಕ್ಟರಮ್ಮ ಸೊಸೆಯ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು. ನನಗೂ ಕಂಡಿತು. ಕೆಂಪಗಿರಬೇಕಾದ ಜಾಗ ನಾನು ಮಾರುವ ಅಕ್ಕಿಯಷ್ಟು ಬೆಳ್ಳಗಿತ್ತು.

‘ಹಸಿ ಅಕ್ಕಿ, ಮಣ್ಣು, ಬಳಪ, ಹೀಗೆ ಏನಾದ್ರೂ ತಿನ್ನಬೇಕು ಅನ್ಸುತ್ತಾ?’ ಎಂದು ಕೇಳಿದರು.

ಸೊಸೆ ನನ್ನ ಕಡೆ ನೋಡಿದಳು. ‘ಇಲ್ರಿ’ ಎಂದಳು.

ಆ ‘ಇಲ್ರಿ’ ನನ್ನನ್ನು ಚುಚ್ಚಿದಷ್ಟು ಯಾವ ಬೈಗುಳವೂ ಚುಚ್ಚಿಲ್ಲ. ‘ತಿಂತಾಳ್ರಿ ಅಮ್ಮಾ’ ಎಂದೆ. ‘ಅಕ್ಕಿ ಕೋಣಿಗೆ ನಾನೇ ಕೀಲಿ ಹಾಕೀನಿ.’

ರಕ್ತದ ವರದಿ ಬಂದ ಮೇಲೆ ಡಾಕ್ಟರಮ್ಮ ನನ್ನನ್ನು ಕೂರಿಸಿಕೊಂಡು ಹೇಳಿದರು. ಮೈಯಲ್ಲಿ ಕಬ್ಬಿಣಾಂಶ ತೀರಾ ಕಡಿಮೆಯಾದವರಿಗೆ ಹೀಗೆ ತಿನ್ನಬಾರದ್ದನ್ನು ತಿನ್ನುವ ಆಸೆ ಹುಟ್ಟುವುದುಂಟಂತೆ. ಅದು ಚಟವೂ ಅಲ್ಲ, ಕಳ್ಳತನವೂ ಅಲ್ಲ. ಊಟದ ಬೆನ್ನಿಗೇ ಕುಡಿಯುವ ಚಹಾ ಊಟದಲ್ಲಿರುವ ಅಷ್ಟಿಷ್ಟು ಕಬ್ಬಿಣಾಂಶವನ್ನೂ ಮೈಗೆ ಹತ್ತಗೊಡುವುದಿಲ್ಲ. ಮಾತ್ರೆಯಿಂದ ಕೂಸು ಕಪ್ಪಾಗುವುದೆಂಬುದು ಸುಳ್ಳು.

‘ಈಗಿನ ಸ್ಥಿತಿಯಲ್ಲಿ ಹೆರಿಗೆ ಆಗಿ ಸ್ವಲ್ಪ ಹೆಚ್ಚು ರಕ್ತ ಹೋದ್ರೂ ಇವಳ ಜೀವಕ್ಕೇ ಕಷ್ಟ. ದಿನ ತುಂಬೋದ್ರೊಳಗೆ ರಕ್ತ ಏರಲೇಬೇಕು.’

ವ್ಯಾಪಾರದಲ್ಲಿ ನನಗೆ ಹಟಮಾರಿ ಎಂದು ಹೆಸರು. ಆ ಹಟವನ್ನೆಲ್ಲ ಇದಕ್ಕೆ ಹಾಕಿದೆ. ಮೊದಲು ಕೀಲಿಕೈ ಬಿಚ್ಚಿ ಹೆಂಡತಿಯ ಕೈಗಿಟ್ಟೆ. ಸೊಸೆಗೆ ಆಸ್ಪತ್ರೆಯಲ್ಲಿ ತುಕ್ಕಿನ ಬಣ್ಣದ ಔಷಧವನ್ನು ಡ್ರಿಪ್ಪಿನಲ್ಲಿ ಹನಿಹನಿಯಾಗಿ ಏರಿಸಿದರು. ಕರೆದ ದಿನವೆಲ್ಲ ಅಂಗಡಿ ಬಿಟ್ಟು ಜೊತೆಗೆ ಹೋದೆ. ಆಮೇಲೆ ಮಾತ್ರೆ ಶುರುವಾಯಿತು. ನಿಂಬೆಹಣ್ಣು ಹಿಂಡಿದ ನೀರಿನ ಜೊತೆ ನುಂಗಿದರೆ ಚೆನ್ನಾಗಿ ಮೈಗೆ ಹತ್ತುತ್ತದೆ ಎಂದಿದ್ದರು. ನಿಂಬೆಹಣ್ಣು ಹಿಂಡುವ ಕೆಲಸ ನನ್ನದಾಯಿತು.

‘ಮಾವಾರೆ, ಕೂಸು ಕಪ್ಪಾದ್ರೆ?’ ಎಂದು ಮಾತ್ರೆ ಕೈಯಲ್ಲಿ ಹಿಡಿದು ಕೇಳಿದಳು ಒಮ್ಮೆ. ತುಟಿಯಂಚಿನಲ್ಲಿ ನಗು ಇತ್ತು.

‘ನನ್ನಂಗಾಗ್ತೈತೆ ಬಿಡವ್ವ. ನಾನೇನು ಬೆಳ್ಳಗಿದೀನಾ? ನುಂಗು.’

ರೊಟ್ಟಿ ವಾಪಸ್ಸು ಬಂತು. ಹುರುಳಿಕಾಳು, ಮೊಳಕೆ ಬಂದ ಹೆಸರುಕಾಳು, ಮೆಂತ್ಯ ಸೊಪ್ಪು, ರಾಗಿ ಎಲ್ಲ ಬಂದವು. ಚಹಾ ಊಟದಿಂದ ದೂರ ಸರಿಯಿತು. ಮೊದಮೊದಲು ನನಗೆ ತಲೆನೋವು ಬಂದು, ಊಟವಾದ ಮೇಲೆ ಹುಚ್ಚನ ಹಾಗೆ ಅಂಗಳದಲ್ಲಿ ತಿರುಗುತ್ತಿದ್ದೆ. ಹೆಂಡತಿ ಕಿಟಕಿಯಿಂದ ನೋಡಿ, ‘ಕಡೀರಿ, ನಾಲ್ಕು ಕಾಳು ಹಸಿ ಅಕ್ಕಿ ಕಡೀರಿ, ಸಮಾಧಾನ ಆಗ್ತೈತೆ’ ಎಂದಳು.

ಒಂದು ದಿನ ಸೊಸೆ ತಾನಾಗಿಯೇ ಅಂದಳು: ‘ಮಾವಾರೆ, ಇವತ್ತು ಅಕ್ಕಿ ತೊಳೆದೆ. ಬಾಯಿಗೆ ಹಾಕ್ಕಳಬೇಕು ಅನ್ನಿಸ್ಲೇ ಇಲ್ಲ.’ ವಾರದೊಳಗೆ ರಕ್ತ ಪರೀಕ್ಷೆ ಆಯಿತು. ಡಾಕ್ಟರಮ್ಮ ಕಾಗದ ನೋಡಿ, ‘ಗೆದ್ರಿ’ ಎಂದರು. ನಾನು ಮಂಡಿಪೇಟೆಯಲ್ಲಿ ಎಷ್ಟೋ ಬಾರಿ ಗೆದ್ದಿದ್ದೇನೆ. ಆದರೆ ಅಂದು ಆಸ್ಪತ್ರೆಯ ಮೆಟ್ಟಿಲನ್ನು ಅವಳು ಎಲ್ಲೂ ಕೂರದೆ ಇಳಿದಳು, ನಾನು ಹಿಂದೆ ಬಿದ್ದು ಏದುಸಿರು ಬಿಟ್ಟೆ. ಅಂಥ ಗೆಲುವು ಹಿಂದೆಂದೂ ಸಿಕ್ಕಿರಲಿಲ್ಲ.

ಹೆರಿಗೆ ಸುಸೂತ್ರವಾಯಿತು. ಹೆಣ್ಣು ಕೂಸು. ಹೊಳೆಯಾಚೆಗೂ ಕೇಳುವಂಥ ಗಂಟಲು. ಬಣ್ಣ ನನ್ನದೇ. ಅದಕ್ಕೆ ಮಾತ್ರೆಯನ್ನು ದೂರುವ ಧೈರ್ಯ ಯಾರಿಗೂ ಇರಲಿಲ್ಲ.

ಕೂಸನ್ನು ತೊಟ್ಟಿಲಿಗೆ ಹಾಕಿದ ದಿನ ಅದೇ ಬೀಗರು, ಅದೇ ಪಂಕ್ತಿ. ಪಾಯಸ ಬಡಿಸುವಷ್ಟರಲ್ಲಿ ಮಳೆ ಸುರಿಯಿತು. ‘ಯಾರವ್ವ ಹಸಿ ಅಕ್ಕಿ ತಿಂದೋರು?’ ಎಂದು ಒಬ್ಬ ಮುದುಕಿ ಕೂಗಿದಳು. ಹಳೆಯ ಮಾತು ನೆನಪಾಗಿ ಎಲ್ಲರೂ ನನ್ನ ಕಡೆ ನೋಡಿದರು. ನಾನು ಸೌಟು ಕೆಳಗಿಟ್ಟೆ.

‘ನಾನೇ ಕಣವ್ವ. ದಿನಾ ಚೀಲಕ್ಕೆ ಕೈ ಹಾಕಿ ಕಡೀತೀನಿ. ಎರಡು ಕಾಲಿನ ಇಲಿ ನಾನು. ಅವತ್ತು ನಿಮ್ಮ ಹುಡುಗೀಗೆ ಅಂದಿದ್ದು ತಪ್ಪಾತು. ಹೊಟ್ಟಿಗೆ ಹಾಕ್ಕಳ್ರಿ.’

‘ಹೊಟ್ಟಿಯಾಗೆ ಜಾಗ ಎಲ್ಲೈತ್ರಿ ಮಾವಾರೆ?’ ಎಂದಳು ಸೊಸೆ, ಕೂಸನ್ನು ಎತ್ತಿಕೊಂಡು. ‘ನೀವು ಕುಡಿಸಿದ ನಿಂಬೆಹಣ್ಣಿನ ನೀರೇ ತುಂಬೈತೆ.’

ಅಂದು ಅವಳ ತಾಯಿಯೂ ನಕ್ಕರು.

ಈಗ ಸೊಸೆ ಮಂಡಿಪೇಟೆಯ ಅಂಗಡಿಗೆ ಬರುತ್ತಾಳೆ. ಚೀಲಕ್ಕೆ ಕೈ ಹಾಕುತ್ತಾಳೆ, ಕಾಳು ಕಡಿಯುತ್ತಾಳೆ, ‘ತೇವ ಐತೆ, ಬ್ಯಾಡ’ ಎಂದು ಉಗುಳುತ್ತಾಳೆ. ಅವಳು ಹಾಗೆ ಉಗುಳುವುದನ್ನು ನೋಡುವುದೇ ನನಗೆ ಒಂದು ಹಬ್ಬ.

ಅವಳ ಹತ್ತಿರ ತಪ್ಪಾಯಿತು ಎಂದೆ. ಅವಳ ತಾಯಿಯ ಎದುರು, ಬೀಗರ ಎದುರು ಎಂದೆ. ಒಬ್ಬರಿಗೆ ಮಾತ್ರ ಇನ್ನೂ ಹೇಳಿಲ್ಲ. ಅವರು ಒಲೆಯ ಮಣ್ಣು ಕೆರೆದು ತಿನ್ನುತ್ತಿದ್ದಾಗ ಕಣ್ಣಿನ ರೆಪ್ಪೆ ಎಳೆದು ನೋಡುವವರು ಯಾರೂ ಇರಲಿಲ್ಲ, ಏಕೆಂದರೆ ನಾನು ಕರೆದೊಯ್ಯಲಿಲ್ಲ. ಕರೆದೊಯ್ಯದೆ ನಕ್ಕೆ. ಆ ನಗುವನ್ನು ಅವರು ನಾನು ಕೇಳದೆಯೇ ಹೊಟ್ಟೆಗೆ ಹಾಕಿಕೊಂಡು, ಸೊಸೆಯ ಸರದಿ ಬಂದಾಗ ಬಾಗಿಲಿಗೆ ಅಡ್ಡ ನಿಂತರು. ನಮ್ಮ ಮನೆಯಲ್ಲಿ ಗೆದ್ದವರು ನಿಜವಾಗಿ ಅವರೇ.

ಈಗ ಪಕ್ಕದ ಕೋಣೆಯಲ್ಲಿ ಕೂತು, ಮೊಮ್ಮಗಳಿಗೆ ರೊಟ್ಟಿ ಮುರಿದು ಹಾಲಿನಲ್ಲಿ ನೆನೆಸಿ ತಿನ್ನಿಸುತ್ತಿದ್ದಾರೆ. ಅವರು ನನ್ನ ಹೆಂಡತಿ.