ಚಂದಮ್ಮನ ಮುಂದ ನಮ್ದೇನು

ಈಗ ನೆನೆದರೆ ಶಾಣಮ್ಮನಿಗೆ ತಲೆ ಎತ್ತಲಾಗುವುದಿಲ್ಲ, ಆದರೆ ಮೊನ್ನೆಯವರೆಗೂ ನಾಚಾರಂ ಕಾರ್ಖಾನೆಗಳ ಹಿಂದಿನ ಆ ವಠಾರದಲ್ಲಿ ಅವಳಷ್ಟು ಸುಖಿ ಇನ್ನೊಬ್ಬರಿರಲಿಲ್ಲ. ಯಾಕೆಂದರೆ ಏನು ಕಷ್ಟ ಬಂದರೂ ಅದಕ್ಕಿಂತ ದೊಡ್ಡ ಕಷ್ಟದವರೊಬ್ಬರು ಅವಳಿಗೆ ಗೊತ್ತಿರುತ್ತಿದ್ದರು. ತಗಡು ಸೋರಿದರೆ, "ಸೋರಾಕ ತಗಡರ ಐತಲ್ರಿ, ಫ್ಲೈಓವರ್ ಕೆಳಗ ಮಲಗೋರ್ನ ನೋಡ್ರಿ" ಎನ್ನುವಳು. ನಲ್ಲಿ ಬಾರದ ದಿನ, ಟ್ಯಾಂಕರೂ ಬಾರದ ಓಣಿಯವರನ್ನು ನೆನೆದು ಕೈಮುಗಿಯುವಳು. ಹಲ್ಲುನೋವಿಗೆ ಗಲ್ಲ ಊದಿದಾಗಲೂ, ಹಲ್ಲೇ ಇಲ್ಲದ ಮನೆಯೊಡತಿಯನ್ನು ನೋಡಿ ದೇವರ ಉಪಕಾರ ನೆನೆದವಳು. ಆದರೆ ಅವಳ ಖಾಯಂ ಆಸರೆ ಎಂದರೆ ಎದುರುಮನೆಯ ಚಂದಮ್ಮ. ಚಂದಮ್ಮನ ಗಂಡ ಕಟ್ಟಡದ ಸೆಂಟ್ರಿಂಗ್ ಕೆಲಸದಲ್ಲಿ ಮೇಲಿಂದ ಬಿದ್ದು ಹಾಸಿಗೆ ಹಿಡಿದಿದ್ದ. "ಚಂದಮ್ಮನ ಮುಂದ ನಮ್ದೇನ್ ದೊಡ್ಡದ್ರಿ?" ಎಂದು ಓಣಿಗೆಲ್ಲ ಹೇಳಿ, ಸಂಜೆ ಅದೇ ಚಂದಮ್ಮನಿಗೆ ಪುಂಡಿಪಲ್ಯ ಕೊಟ್ಟು, ಎದೆ ಹಗುರ ಮಾಡಿಕೊಂಡು ಮರಳುವಳು. ಮೊನ್ನೆಯೂ ಬಟ್ಟಲು ಹಿಡಿದು ಹೋದಾಗ ಬಾಗಿಲಲ್ಲೇ ಚಂದಮ್ಮನ ದನಿ ಕೇಳಿಸಿತು. ಗಂಡನನ್ನು ಸಮಾಧಾನ ಮಾಡುತ್ತಿದ್ದಳು: "ಯಾಕ ಅಳ್ತೀರಿ? ನಮಗ ನಾವರ ಅದೀವಿ. ಶಾಣಮ್ಮಕ್ಕನ್ನ ನೋಡ್ರಿ, ಮಾತಾಡಾಕ ಮನ್ಯಾಗ ಒಂದು ಜೀವ ಇಲ್ಲ. ಪಾಪ, ಅದಕ್ಕ ದಿನಾ ಏನರ ನೆಪ ಮಾಡ್ಕೊಂಡು ಬರ್ತಾಳ." ಶಾಣಮ್ಮನ ಕಿವಿ ಬಿಸಿಯಾಯಿತು. ತಾನು ಓಣಿಗೆಲ್ಲ ಹೇಳಿದ ಮಾತು ಚಂದಮ್ಮನ ಕಿವಿಗೂ ಹೀಗೇ ಬಿದ್ದಿರಬೇಕಲ್ಲ ಎಂದು ಆಗ ಹೊಳೆಯಿತು. ಅಷ್ಟರಲ್ಲಿ ಚಂದಮ್ಮ ಹೊರಗೆ ಬಂದು, "ಹ್ಯಾಂಗದೀ ಅಕ್ಕಾ?" ಎಂದು ಕೇಳಿದಳು. ಶಾಣಮ್ಮನ ನಾಲಗೆಗೆ ತನಗಿಂತ ಕಷ್ಟದವರೊಬ್ಬರ ಹೆಸರೂ ಬರಲಿಲ್ಲ.