ಅಜ್ಜಿ ಅಳಿಸಿ ಎಂದ ಮಾತು

ಸೂಜಿ ಚುಚ್ಚುವ ಮೊದಲು ನರ್ಸಮ್ಮ ತೋಳಿಗೆ ಸ್ಪಿರಿಟ್ ಹಚ್ಚಿದರೆ ಬೇರೆಯವರಿಗೆ ಆಸ್ಪತ್ರೆಯ ಭಯ ಬರಬಹುದು. ನನಗೆ ಹೊಸಹೊಳಲಿನ ನಮ್ಮ ಮನೆಯ ಜಗುಲಿ ಕೋಣೆ ನೆನಪಾಗುತ್ತದೆ. ತೊಂಬತ್ತರ ದಶಕದಲ್ಲಿ ಮೂರು ವರ್ಷ ಅಲ್ಲಿ ಒಬ್ಬ ಫಾದರ್ ಬಾಡಿಗೆಗಿದ್ದರು. ಕರಾವಳಿ ಕಡೆಯವರು. ಊರಿನಲ್ಲಿ ಚರ್ಚಿರಲಿಲ್ಲ, ರೇಡಿಯೋ ಕಾರ್ಯಕ್ರಮ ಮಾಡುವುದೇ ಅವರ ಕೆಲಸ. ನಾಗಮಂಗಲ, ಪಾಂಡವಪುರದ ಹಳ್ಳಿಗಳನ್ನೆಲ್ಲ ಮೊಪೆಡ್ಡಿನಲ್ಲಿ ಸುತ್ತಿ, ಜನರ ಮಾತನ್ನು ಕ್ಯಾಸೆಟ್ಟಿಗೆ ಹಿಡಿದು ತರುತ್ತಿದ್ದರು. ಸಂಜೆ ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಟೇಪ್ ರೆಕಾರ್ಡರಿನ ಒಳಗನ್ನು ಒರೆಸಲು ಕೂತರೆ ಆ ವಾಸನೆ ಅಡುಗೆಮನೆಯವರೆಗೂ ಬರುತ್ತಿತ್ತು. "ಸ್ವಾಮ್ಗೋಳು ಪೂಜೆಗೆ ಕುಂತ್ರು ಕಣೆ," ಎಂದು ಅಜ್ಜಿ ನಗುತ್ತಿದ್ದಳು.

ಅವರದೊಂದು ಪದ್ಧತಿಯಿತ್ತು. ಯಾರ ಮಾತನ್ನು ಹಿಡಿದರೂ ಮೊದಲು ಅವರಿಗೇ ಕೇಳಿಸುವುದು. ಬೇಡವೆಂದರೆ ಅವರ ಕಣ್ಣೆದುರೇ ಅಳಿಸುವುದು. ಸಂತೆಬಾಚಹಳ್ಳಿಯ ಹೆಂಗಸರು ತಮ್ಮ ದನಿ ತಾವೇ ಕೇಳಿ ನಾಚಿ, ಎಲ್ಲವನ್ನೂ ಅಳಿಸಿಸಿ ಕಳಿಸಿದ್ದೂ ಉಂಟು. ಇವರೇನಾದರೂ ಪೇಪರು ನಡೆಸಿದರೆ ದಿನಾ ಬಿಳಿ ಹಾಳೆಯೇ ಬರುತ್ತದೆ ಎಂದು ಅಪ್ಪ ಆಡಿಕೊಳ್ಳುತ್ತಿದ್ದರು.

ಒಂದು ಬೇಸಿಗೆ. ಮಕ್ಕಳಿಗೆ ಭೇದಿಯಾದರೆ ನೀರು ಕೊಡಬಾರದೆಂಬ ನಂಬಿಕೆ ನಮ್ಮ ಕಡೆ ಇನ್ನೂ ಹೋಗಿರಲಿಲ್ಲ. ಉಪ್ಪು ಸಕ್ಕರೆ ನೀರು ಕುಡಿಸಿ ಎಂದು ತಿಳಿಸುವ ಕಾರ್ಯಕ್ರಮಕ್ಕಾಗಿ ಫಾದರ್ ಅಜ್ಜಿಯನ್ನು ಮಾತಾಡಿಸಿದರು. ಹುಣಸೆಹಣ್ಣಿನ ಬೀಜ ಬಿಡಿಸುತ್ತಾ ಅಜ್ಜಿ ನಾವ್ಯಾರೂ ಕೇಳಿರದ ಸಂಗತಿ ಹೇಳಿಬಿಟ್ಟಳು. ಅಪ್ಪನಿಗಿಂತ ಮೊದಲು ಅವಳಿಗೊಬ್ಬ ಮಗ ಹುಟ್ಟಿದ್ದ. ಭೇದಿ ಹತ್ತಿದಾಗ ಅವಳ ಅತ್ತೆ ನೀರು ಕೊಡಬೇಡ ಎಂದಿದ್ದಳು. ಮಗು ಬಾಯಾರಿಕೊಂಡೇ ಸತ್ತಿತ್ತು.

ಫಾದರ್ ಕ್ಯಾಸೆಟ್ಟು ತಿರುಗಿಸಿ ಕೇಳಿಸಿದರು. ಅಜ್ಜಿ ಕೊನೆಯವರೆಗೂ ಕೇಳಿ, "ಅಳುಸ್ಬುಡಿ ಸ್ವಾಮಿ. ಸತ್ತೋಗಿರೋ ನಮ್ಮತ್ತೇನ ಊರೆಲ್ಲಾ ಬಯ್ಯಂಗಾಯ್ತದೆ," ಎಂದಳು.

ಎಷ್ಟೋ ಮಕ್ಕಳನ್ನು ಉಳಿಸಬಹುದಾಗಿದ್ದ ಮಾತು ಅದು. "ನಿಮ್ಮ ಮಾತು, ಅಜ್ಜಿ. ನೀವು ಬೇಡ ಅಂದ್ರೆ ಬೇಡ," ಎಂದು ಫಾದರ್ ಎಲ್ಲವನ್ನೂ ಅಳಿಸಿದರು. ನನಗೆ ಇಬ್ಬರ ಮೇಲೂ ಸಿಟ್ಟು ಬಂದಿತ್ತು.

ಎಂಟು ದಿನವೂ ಆಗಿರಲಿಲ್ಲ, ಪಕ್ಕದ ಮನೆ ಜಯಮ್ಮನ ಕೂಸಿಗೆ ಭೇದಿ ಶುರುವಾಯಿತು. ಕಣ್ಣು ಗುಳಿಬಿದ್ದಿದ್ದವು. ಫಾದರ್ ಚೊಂಬಿನಲ್ಲಿ ಉಪ್ಪು ಸಕ್ಕರೆ ಕಲಸಿಕೊಂಡು ಹೋದರೆ ಜಯಮ್ಮನ ಅತ್ತೆ ಬಾಗಿಲಿಗೆ ಅಡ್ಡ ನಿಂತಳು. "ನೀರು ಬುಟ್ರೆ ಇನ್ನೂ ಜಾಸ್ತಿ ಆಯ್ತದೆ. ನೀವು ಮಕ್ಳು ಸಾಕಿದ್ದೀರಾ ಸ್ವಾಮಿ?"

ಅಜ್ಜಿ ಫಾದರನ್ನು ದಾಟಿಕೊಂಡು ಹೊಸ್ತಿಲಿಗೆ ಹೋಗಿ ಒಳಗಿದ್ದ ಜಯಮ್ಮನನ್ನು ಕೂಗಿದಳು. ಬೀದಿಯವರೆಲ್ಲ ಅಲ್ಲೇ ನೆರೆದಿದ್ದರು. "ನನ್ ಮಗ ಮೂರ್ ದಿನ ನೀರು ನೀರು ಅಂತ ಬಾಯ್ಬುಟ್ಟ. ನಾನು ಕೊಡ್ನಿಲ್ಲ. ಯಾರೂ ಬ್ಯಾಡ ಅಂದಿರ್ನಿಲ್ಲ ಕಣವ್ವ, ನಾನೇ ಕೊಡ್ನಿಲ್ಲ. ನೀನು ಕುಡ್ಸು." ಜಯಮ್ಮನ ಅತ್ತೆ ಪಕ್ಕಕ್ಕೆ ಸರಿದಳು. ಚಮಚ ಚಮಚವಾಗಿ ಸಂಜೆಯವರೆಗೂ ಕುಡಿಸಿದರು, ಕೂಸು ಉಳಿಯಿತು. ಅತ್ತೆಯ ತಪ್ಪನ್ನು ಅಜ್ಜಿ ತನ್ನ ತಲೆಗೇ ಕಟ್ಟಿಕೊಂಡದ್ದು ಆ ಬೀದಿಯಲ್ಲಿ ಗೊತ್ತಿದ್ದದ್ದು ನಮ್ಮ ಮನೆಯವರಿಗೆ ಮತ್ತು ಫಾದರಿಗೆ ಮಾತ್ರ. ಯಾಕೆ ರೆಕಾರ್ಡು ಮಾಡಲಿಲ್ಲ ಎಂದು ನಾನು ಜಗಳ ತೆಗೆದೆ. "ಚೊಂಬು ಯಾರು ಹಿಡಿಯುವುದು ಮಾರಾಯ್ತಿ?" ಎಂದರು ಫಾದರ್.

ಈಗ ಅಜ್ಜಿಯಿಲ್ಲ, ಫಾದರೂ ಇಲ್ಲ. ಜಗುಲಿ ಕೋಣೆ ಕೆಡವಿ ನನ್ನಣ್ಣ ಅಂಗಡಿ ಕಟ್ಟಿಸಿದ್ದಾನೆ. ಅಜ್ಜಿಯ ದನಿ ಎಲ್ಲೂ ಉಳಿದಿಲ್ಲವೆಂದು ಒಮ್ಮೊಮ್ಮೆ ಅಳು ಬರುತ್ತದೆ.

ಫಾದರಿಗೆ ವರ್ಗವಾದ ದಿನ ಅಜ್ಜಿ ಅವರ ಪೆಟ್ಟಿಗೆಯ ಪಕ್ಕ ನಿಂತು, "ಸತ್ತೋರಿಗೆ ನಿಮ್ಮಲ್ಲಿ ಪೂಜೆ ಮಾಡ್ತೀರಂತಲ್ಲ ಸ್ವಾಮಿ," ಎಂದಳು.

"ಹೌದು ಅಜ್ಜಿ. ಯಾರ ಹೆಸರು ಹೇಳಲಿ?"

ಅಪ್ಪ ಬಾಗಿಲಲ್ಲೇ ನಿಂತುಬಿಟ್ಟರು. ಕೂಸಾಗಿದ್ದಾಗಲೇ ಸತ್ತ ತಮ್ಮ ಅಣ್ಣನಿಗೆ ಏನೆಂದು ಹೆಸರಿಟ್ಟಿದ್ದರೆಂದು ಅವರಿಗೂ ಗೊತ್ತಿರಲಿಲ್ಲ.

"ಪುಟ್ಟಸ್ವಾಮಿ," ಎಂದಳು ಅಜ್ಜಿ.